ಆಟದ ಪೆಟ್ಟಿಗೆಯಲ್ಲಿ ನಾಟಕ

ನನ್ನ ಮೊಮ್ಮಗಳು ಸುಮಾ ತುಮಕೂರಿನ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿದ್ದಾಳೆ. ಮೊದಲ ವಾರ ಟ್ರೈನಿಂಗ್ ಕೊಟ್ಟರಂತೆ. ಮುಗಿಸಿಕೊಂಡು ಬಂದವಳು ನನ್ನೆದುರು ನಿಂತು, ಕೈ ಕಟ್ಟಿಕೊಂಡು, ಒಂದು ಟಿವಿಯ ಗುಣಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

"ಹೆಂಗಿತ್ತಜ್ಜಿ?"

"ಚೆನ್ನಾಗಿತ್ತು ಕಣೆ. ಕೊಳ್ಳೋಕೆ ಬಂದೋನು ಅಷ್ಟೊತ್ಗೆ ಆಚೆ ಹೋಗಿ ಟೀ ಕುಡ್ಕೊಂಡು ಬರಬೋದಿತ್ತು."

ಅವಳಿಗೆ ಸಿಟ್ಟು ಬಂತು. "ಅಂಗಾದ್ರೆ ನೀನೇ ಬರ್ದು ಕೊಡು. ನಮ್ ಅಂಗ್ಡಿಗೆ ಸೇರಿರೋ ಹುಡ್ಗೀರೆಲ್ಲ ಓದ್ತೀವಿ" ಎಂದಳು.

ಸರಿ, ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸೊಟ್ಟಗಿದ್ದರೆ ತಲೆ ಸೊಟ್ಟ ಮಾಡಿಕೊಂಡು ಓದಿ. ಮಧುಗಿರಿಯ ಅಂಗಡಿಯಲ್ಲಿ ಕಸ ಗುಡಿಸಲು ಸೇರಿದೆ, ಆಮೇಲೆ ಕೌಂಟರಿಗೆ ಬಂದೆ, ಕೊನೆಗೆ ಕುರ್ಚಿ ಸಿಕ್ಕಿತು, ಮೊಣಕಾಲು ಹೋದ ಮೇಲೆ ಮನೆಗೆ ಬಂದೆ. ಬಡ್ತಿಯ ಕಥೆ ಅಷ್ಟೇ. ಮಿಕ್ಸಿ, ಗ್ರೈಂಡರ್, ಫ್ಯಾನ್ ಮಾರಿದ್ದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ, ಅವು ತಮ್ಮಷ್ಟಕ್ಕೆ ತಾವೇ ಮಾರಾಟವಾಗುತ್ತವೆ. ನನಗೆ ಕೆಲಸ ಕಲಿಸಿದ್ದು ಟಿವಿಗೆ ಹಾಕಿ ಆಡುವ ಆಟದ ಪೆಟ್ಟಿಗೆ. ಗೇಮ್ ಮಿಷಿನ್ ಎನ್ನಿ, ಕನ್ಸೋಲ್ ಎನ್ನಿ, ಇನ್ನೇನಾದರೂ ಎನ್ನಿ. ನಮ್ಮ ಕಡೆ ಆಟದ ಪೆಟ್ಟಿಗೆ ಎಂದೇ ಹೇಳುತ್ತಿದ್ದದ್ದು.

ಮೊದಮೊದಲು ಬಂದವು ಹಗುರವಾದ ಪ್ಲಾಸ್ಟಿಕ್ಕಿನವು. ಮೇಲೊಂದು ಹಳದಿ ಕ್ಯಾಸೆಟ್ ಸಿಕ್ಕಿಸಬೇಕು. ಬೇಸಿಗೆ ರಜ ಬಂದರೆ ಹುಡುಗರು ಅಪ್ಪಂದಿರ ಅಂಗಿ ಜಗ್ಗಿಕೊಂಡು ಅಂಗಡಿಗೆ ಎಳೆದು ತರುತ್ತಿದ್ದರು. ನಾವು ಕುಣಿದು ಮಾರುತ್ತಿದ್ದೆವು. ಸ್ಕೂಲು ಶುರುವಾದ ದಿನ ಅದೇ ಅಪ್ಪಂದಿರು ಅದೇ ಡಬ್ಬ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು.

"ತಗಳಮ್ಮ, ನೀವೇ ಇಟ್ಕಳಿ. ದುಡ್ಡೂ ಬ್ಯಾಡ, ಬದ್ಲಿಗೆ ಒಂದು ಇಸ್ತ್ರಿ ಪೆಟ್ಗೆ ಕೊಟ್ಬುಡಿ."

ವಾಪಸ್ ಬಂದ ಪೆಟ್ಟಿಗೆಗಳಿಂದ ನಮ್ಮ ಅಟ್ಟ ತುಂಬಿತು. ಸಾಹುಕಾರ್ ರುದ್ರಪ್ಪನವರು ಅಟ್ಟ ನೋಡಿದಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಬಟ್ಟೆ ವ್ಯಾಪಾರ ಮಾಡುತ್ತಿದ್ದ ಮನೆತನ, ಇವರು ಹಟ ಹಿಡಿದು ಎಲೆಕ್ಟ್ರಾನಿಕ್ಸ್‌ಗೆ ಬಂದವರು. ಮನೆಯವರಿಂದ ಈಗಲೂ ಮಾತು ಕೇಳುತ್ತಾರೆ.

ಆಗ ಒಂದು ಸಣ್ಣ ಸಂಗತಿ ನಡೆಯಿತು. ಒಂದು ಸಲ ಬಂದ ಲಾಟಿನಲ್ಲಿ ಕೆಲವು ಪೆಟ್ಟಿಗೆಗಳಿಗೆ ರೇಡಿಯೋ ಸೇರಿಸಿದ್ದರು. ಆಟ ಅದೇ, ಕ್ಯಾಸೆಟ್ ಅದೇ, ಪಕ್ಕದಲ್ಲೊಂದು ಸಣ್ಣ ಸ್ಪೀಕರು. ರೇಟು ಹೆಚ್ಚು. ಇವು ಹೋಗುವುದಿಲ್ಲ ಎಂದುಕೊಂಡು ಹಿಂದಿಟ್ಟಿದ್ದೆವು. ಕಳ್ಳಂಬೆಳ್ಳದಿಂದ ಬಂದಿದ್ದ ಒಬ್ಬಾಕೆ ಹಿಂದಿದ್ದದ್ದನ್ನೇ ಕೇಳಿ ತೆಗೆಸಿದಳು.

"ಇದ್ಯಾಕಮ್ಮ? ಅಗ್ಗದ್ದು ಇಲ್ಲೈತಲ್ಲ" ಎಂದೆ.

"ಅದು ಬರೀ ಹುಡ್ಗುಂದು. ಇದ್ರಾಗೆ ರೇಡಿಯೋ ನಂದು" ಎಂದಳು.

ಅವಳ ಪೆಟ್ಟಿಗೆ ವಾಪಸ್ ಬರಲಿಲ್ಲ. ರೇಡಿಯೋ ಇದ್ದ ಯಾವ ಪೆಟ್ಟಿಗೆಯೂ ವಾಪಸ್ ಬರಲಿಲ್ಲ. ಬರೀ ಆಟದ್ದಾದರೆ ಸ್ಕೂಲು ಶುರುವಾದ ದಿನ ಅದರ ಪರವಾಗಿ ಮನೆಯಲ್ಲಿ ಮಾತಾಡುವವರು ಯಾರೂ ಇರುವುದಿಲ್ಲ. ರೇಡಿಯೋ ಇದ್ದರೆ ತಾಯಿ ಮಾತಾಡುತ್ತಾಳೆ. ಇದನ್ನು ನಾನು ತಲೆಯಲ್ಲಿಟ್ಟುಕೊಂಡೆ. ಆಮೇಲೆ ಬಹಳ ವರ್ಷ ಅದೇ ನನ್ನನ್ನು ಸಾಕಿತು. ಅದೇ ಒಂದು ದಿನ ಕೈಯನ್ನೂ ಕೊಟ್ಟಿತು, ಅದು ಆಮೇಲಿನ ಮಾತು.

ಸಾಹುಕಾರರು ಪಾವಗಡದಲ್ಲಿ ಬ್ರಾಂಚ್ ತೆಗೆದರು. ತೆಗೆದ ಹೊಸತರಲ್ಲೇ ಬೆಂಗಳೂರಿಗೆ ಹೋದವರು, ಅಲ್ಲಿ ಯಾರೋ ಹೋಲ್‌ಸೇಲಿನವನ ಮಾತಿಗೆ ಮರುಳಾಗಿ ಒಂದು ಟೆಂಪೋ ತುಂಬ ಕರಿ ಪೆಟ್ಟಿಗೆಗಳನ್ನು ಹೊತ್ತು ತಂದರು. ಇವು ಕ್ಯಾಸೆಟ್ಟಿನವಲ್ಲ, ಡಿಸ್ಕ್ ಹಾಕಿ ಆಡುವವು. ಹಳೆಯ ಡಬ್ಬಗಳಿಗೆ ಹೋಲಿಸಿದರೆ ರೇಟು ಕೇಳಿದವರು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ಮಧುಗಿರಿಯಲ್ಲಿ ಇಡಲು ಜಾಗವಿಲ್ಲದೆ ಪೂರಾ ಪಾವಗಡಕ್ಕೆ ಇಳಿಸಿದರು. ನನ್ನನ್ನು ಕರೆದು ಹೇಳಿದರು:

"ನರಸಮ್ಮ, ಪಾವಗಡಕ್ಕೆ ನೀನೇ ಹೋಗು. ದೀಪಾವಳಿ ಒಳಗೆ ಈ ಪೆಟ್ಟಿಗೆಗಳು ಹೋದ್ರೆ ಬ್ರಾಂಚ್ ಇರ್ತದೆ, ನೀನೇ ನಡೆಸು. ಹೋಗ್ಲಿಲ್ಲ ಅಂದ್ರೆ ಶಟರ್ ಎಳೆದು ನೀನು ಇಲ್ಲಿಗೆ ವಾಪಸ್ ಬಂದ್ಬಿಡು. ಗೋಡೌನ್ ನೋಡ್ಕೊಳ್ಳೋಕೆ ಜನ ಬೇಕು."

ಗೋಡೌನ್ ಎಂದರೆ ಅಂಗಡಿಯ ಹಿಂದೆ, ಕಿಟಕಿಯಿಲ್ಲದ್ದು. ಮುಂದೆ ಗಲ್ಲಾದಲ್ಲಿ ಸಾಹುಕಾರರ ಅಕ್ಕ ಕೂರುತ್ತಿದ್ದರು. ನಾನು ನಿಂತರೆ ಯಾಕೆ ನಿಂತೆ, ಕೂತರೆ ಯಾಕೆ ಕೂತೆ ಎನ್ನುತ್ತಿದ್ದರು. ಫ್ಯಾನಿನ ಸ್ವಿಚ್ಚು ಅವರ ತಲೆಯ ಮೇಲೇ ಇತ್ತು. ನನ್ನ ಕಡೆ ಗಾಳಿ ಬರಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದವರು ಅವರೇ. ಪಾವಗಡದ ಅಂಗಡಿಯಲ್ಲಿ ಗಲ್ಲಾದ ಕುರ್ಚಿ ನನ್ನದು, ಫ್ಯಾನಿನ ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರ. ಮಗಳನ್ನು ಆ ಊರಿಗೇ ಕೊಟ್ಟಿದ್ದೆ, ಅದಕ್ಕೇ ಹೋದೆ ಎಂದು ಜನ ಆಡಿಕೊಂಡರು. ಅಲ್ಲ. ನಾನು ಹೋದದ್ದು ಆ ಸ್ವಿಚ್ಚಿಗೆ. ಪಾವಗಡದ ಬಿಸಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಜೊತೆ ಶಿರಾದ ಬಾಷಾನನ್ನು ಕಳಿಸಿದರು. ರಿಪೇರಿ ಕೆಲಸದವನು. ಒಳ್ಳೆಯ ಕೈ, ಬಾಯಿ ಮಾತ್ರ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಇಬ್ಬರೂ ಸೇರಿ ಕರಿ ಪೆಟ್ಟಿಗೆಯನ್ನು ಟಿವಿಗೆ ಹಾಕಿ ಬೀದಿಗೆ ಕಾಣುವಂತೆ ಆಟ ಓಡಿಸಿದೆವು. ಜನ ನಿಂತು ನೋಡಿದರು, ಹೋದರು. ಮಾರನೇ ದಿನ ಅವರೇ ಬಂದು ನೋಡಿದರು, ಹೋದರು. ಬಿಟ್ಟಿ ಸಿನಿಮಾ ಟಾಕೀಸ್ ತೆಗೆದಂತಾಯಿತು.

ಒಬ್ಬ ಹೆಂಗಸು ಒಳಗೆ ಬಂದು, ಸಿನಿಮಾ ಬರುತ್ತದಾ ಎಂದು ಆ ಕಡೆಯವರ ಹಾಗೆ ತೆಲುಗು ಬೆರೆಸಿ ಕೇಳಿದಳು, "ಏಮ್ಮಾ, ಇದ್ರಾಗೆ ಸಿನ್ಮಾ ವಸ್ತದಾ?"

ಬಾಷಾ ತಟ್ಟನೆ, "ವಸ್ತದಿ ಅಮ್ಮಾ, ಡಿಸ್ಕ್ ಹಾಕಿದ್ರೆ ಪಕ್ಕಾ ವಸ್ತದಿ" ಎಂದ.

ನಾನು ಅವನ ಕಡೆ ತಿರುಗಿದೆ. "ಹೌದೇನೋ? ಇಷ್ಟು ದಿನ ಯಾಕೋ ಬೊಗಳ್ಲಿಲ್ಲ?"

"ನೀವ್ ಕೇಳ್ಲಿಲ್ವಲ್ಲಾ ನರಸಕ್ಕ. ಆಟದ್ ಮಿಷಿನ್ ಅಂತ ಆಟ ತೋರಿಸ್ತಾ ಇದ್ದೆ."

ಮಾರನೇ ದಿನವೇ ಆಟ ನಿಲ್ಲಿಸಿ ಸಿನಿಮಾ ಡಿಸ್ಕ್ ಹಾಕಿಸಿದೆ. ಬಂದವರಿಗೆಲ್ಲ ಒಂದೇ ಮಾತು ಹೇಳಿದೆ: ಡಿಸ್ಕ್ ಪ್ಲೇಯರ್ ಬೇರೆ ತಗೊಳ್ಳಬೇಡಿ, ಇದರಲ್ಲಿ ಅದೂ ಇದೆ, ಹುಡುಗರಿಗೆ ಆಟವೂ ಇದೆ. ರೇಡಿಯೋ ಪೆಟ್ಟಿಗೆಯ ಪಾಠ. ಒಂದೆರಡು ಹೋದವು. ಆಮೇಲೆ ತಿಮ್ಮರಾಯಪ್ಪ ಬಂದ.

ಇಲ್ಲಿ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಬಹಳ. ಹೊಲ ಗೇಯುವವನು, ಹಾಲಿನ ಡೈರಿಯವನು, ಟ್ರ್ಯಾಕ್ಟರ್ ಓಡಿಸುವವನು ಎಲ್ಲ ಸೇರಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿತು, ರಾತ್ರಿಯೆಲ್ಲ ಆಡುತ್ತಾರೆ. ರಾಜಪಾರ್ಟು ಮಾಡಿದವನನ್ನು ಆಮೇಲೆ ಸಾಯುವವರೆಗೂ ಊರಿನಲ್ಲಿ ರಾಜನೆಂದೇ ಕರೆಯುತ್ತಾರೆ. ಇಷ್ಟು ಕಷ್ಟಪಟ್ಟು ಆಡಿದ್ದನ್ನು ಮರೆಯಲಾಗುತ್ತದೆಯೇ? ಸ್ಟುಡಿಯೋದವನನ್ನು ಕರೆಸಿ ವಿಡಿಯೋ ಮಾಡಿಸುತ್ತಾರೆ. ಅದರ ಡಿಸ್ಕುಗಳು ಪಾರ್ಟು ಮಾಡಿದ ಪ್ರತಿಯೊಬ್ಬನ ಮನೆಯಲ್ಲೂ ದೇವರ ಗೂಡಿನ ಪಕ್ಕ ಇರುತ್ತವೆ.

ತಿಮ್ಮರಾಯಪ್ಪ ಅಂಥ ರಾಜ. ಪಾವಗಡದ ಪಕ್ಕದ ಹಳ್ಳಿ, ಕಡಲೆಕಾಯಿ ಬೆಳೆಯುವವನು. ಆಳು ಎತ್ತರ, ಮೀಸೆ ದಪ್ಪ. ಅವನ ಮನೆಯ ಡಿಸ್ಕ್ ಪ್ಲೇಯರ್ ಸುಟ್ಟುಹೋಗಿತ್ತು.

"ನಮ್ ನಾಟ್ಕ ಓಡ್ತದೇನಮ್ಮ ಇದ್ರಾಗೆ?"

"ಡಿಸ್ಕ್ ತಾನೆ? ಓಡ್ತದೆ, ತಗಂಡೋಗಿ ರಾಜರೇ" ಎಂದೆ. ರಾಜರೇ ಎಂದದ್ದಕ್ಕೆ ಚೌಕಾಸಿ ಕೂಡ ಮಾಡಲಿಲ್ಲ.

ಸಂಜೆ ಊರವರನ್ನೆಲ್ಲ ಕರೆದು ಪಡಸಾಲೆಯಲ್ಲಿ ಕೂರಿಸಿದನಂತೆ. ಪೆಟ್ಟಿಗೆಗೆ ಹೂವಿಟ್ಟು ಕಾಯಿ ಒಡೆದು, ಮೊದಲ ಡಿಸ್ಕ್ ಹಾಕಿದನಂತೆ. ಟಿವಿಯಲ್ಲಿ ರಾಜನೂ ಬರಲಿಲ್ಲ, ಅವನ ಸೇವಕನೂ ಬರಲಿಲ್ಲ. ಡಿಸ್ಕ್ ಓದಲಾಗುತ್ತಿಲ್ಲವೆಂದು ಇಂಗ್ಲಿಷಿನಲ್ಲೊಂದು ಸಾಲು ಬಂತು. ಎಲ್ಲ ಡಿಸ್ಕುಗಳಿಗೂ ಅದೇ ಸಾಲು.

ಬೆಳಿಗ್ಗೆ ನಾನು ಶಟರ್ ಎತ್ತುವಷ್ಟರಲ್ಲಿ ಇಡೀ ನಾಟಕ ಕಂಪನಿ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಬಂದು ಇಳಿಯಿತು. ಮುಂದೆ ತಿಮ್ಮರಾಯಪ್ಪ, ಹಿಂದೆ ಸೇನಾಪತಿ, ಮಂತ್ರಿ, ಹಾರ್ಮೋನಿಯಂ ಮೇಷ್ಟ್ರು. ಕಿರೀಟ ಇರಲಿಲ್ಲ ಎನ್ನುವುದನ್ನು ಬಿಟ್ಟರೆ ದರ್ಬಾರಿಗೆ ಏನೂ ಕಡಿಮೆಯಿರಲಿಲ್ಲ.

"ಏನಮ್ಮಾ ನರಸಮ್ಮ, ಓಡ್ತದೆ ಅಂದೆ! ಊರ ಮುಂದೆ ನನ್ ಮರ್ವಾದೆ ತೆಗ್ದುಬುಟ್ಟೆ! ದುಡ್ಡು ವಾಪಸ್ ಮಡಗು!"

"ರಾಜ ಬರ್ತಾನೆ ಅಂತ ಮಕ್ಕಳೆಲ್ಲ ಚಪ್ಪಾಳೆ ತಟ್ಕಂಡು ಕೂತಿದ್ವು" ಎಂದ ಸೇನಾಪತಿ. ಅವನ ಧ್ವನಿಯಲ್ಲಿ ದುಃಖಕ್ಕಿಂತ ಖುಷಿಯೇ ಹೆಚ್ಚಿತ್ತು. ಅವನಿಗೆ ರಾಜಪಾರ್ಟು ಸಿಗಲಿಲ್ಲವೆಂದು ಹಳೆಯ ಹೊಟ್ಟೆಯುರಿ ಇತ್ತೆಂದು ಆಮೇಲೆ ತಿಳಿಯಿತು.

ಬಾಷಾ ಪೆಟ್ಟಿಗೆ ಬಿಚ್ಚಿದ. ಒಳಗೆ ಡಿಸ್ಕ್ ಕೂರುವ ಜಾಗದ ತುಂಬ ಕುಂಕುಮ.

"ಅರೆ ಅಲ್ಲಾ! ಯಾರು ಇದಕ್ಕೆ ಕುಂಕುಮ ಇಟ್ಟಿದ್ದು?"

"ಪೂಜೆ ಮಾಡ್ದೆ ಹೊಸಾ ಮಿಷಿನ್ ಹೆಂಗೆ ಓಡ್ಸೋದು?" ಎಂದರು ಮೇಷ್ಟ್ರು.

"ಮಾಡಿ ಸಾರ್, ಮೇಲೆ ಮಾಡಿ. ಬಾಯೊಳಗೆ ಇಡಬೇಡಿ!"

ಕುಂಕುಮ ಒರೆಸಿ ಹಾಕಿದರೂ ನಾಟಕ ಓಡಲಿಲ್ಲ. ನಮ್ಮ ಸಿನಿಮಾ ಡಿಸ್ಕ್ ಹಾಕಿದರೆ ಓಡಿತು. ಆಗ ಗೊತ್ತಾಯಿತು. ಡಿಸ್ಕುಗಳಲ್ಲಿ ಎರಡು ಜಾತಿ. ನೋಡಲು ಎರಡೂ ಒಂದೇ ಥರ ಹೊಳೆಯುವ ತಟ್ಟೆ. ಅಂಗಡಿಯಲ್ಲಿ ನಾವು ತೋರಿಸುತ್ತಿದ್ದದ್ದು ಡಿವಿಡಿ. ಹಳ್ಳಿಯ ಸ್ಟುಡಿಯೋದವರು ಕೊಡುತ್ತಿದ್ದದ್ದು ಹಳೆಯ ಜಾತಿಯ ವಿಸಿಡಿ. ಕರಿ ಪೆಟ್ಟಿಗೆಗೆ ಡಿವಿಡಿ ಗೊತ್ತು, ವಿಸಿಡಿ ಗೊತ್ತಿಲ್ಲ. ಮನೆಯ ಡಿಸ್ಕ್ ತರಿಸಿ ಹಾಕಿ ನೋಡದೆಯೇ ನಾನು ಓಡುತ್ತದೆ ಎಂದುಬಿಟ್ಟಿದ್ದೆ. ಸುಮಾ, ಇದನ್ನು ಎರಡು ಸಲ ಓದು.

ಸುದ್ದಿ ಮಧುಗಿರಿಗೆ ನನಗಿಂತ ಮುಂಚೆ ಮುಟ್ಟಿತ್ತು. ಸಾಹುಕಾರರ ಫೋನ್ ಬಂತು.

"ಇವತ್ತು ಒಬ್ಬ ವಾಪಸ್ ಕೊಟ್ರೆ ನಾಳೆ ಎಲ್ಲಾ ವಾಪಸ್ ಬರ್ತಾರೆ. ದೀಪಾವಳಿ ತನಕ ಯಾಕೆ, ಈ ವಾರವೇ ಮುಚ್ಚಿ ಬಾ."

"ನಾಳೆ ಸಂಜೆ ತನಕ ಸುಮ್ನಿರಿ ಸಾಹುಕಾರ್ರೆ" ಎಂದು ಫೋನ್ ಇಟ್ಟೆ. ಏನು ಮಾಡಬೇಕೆಂದು ನನಗೆ ಗೊತ್ತಿತ್ತೆಂದು ತಿಳಿಯಬೇಡಿ. ಕಿಟಕಿಯಿಲ್ಲದ ಗೋಡೌನ್ ಕಣ್ಣ ಮುಂದೆ ಬಂದಿತ್ತು, ಬಾಯಿಗೆ ಬಂದದ್ದು ಹೇಳಿದೆ.

ದಾರಿ ತೋರಿಸಿದವನು ಬಾಷಾ. ಅವನ ಚಿಕ್ಕಪ್ಪನ ಮಗನದು ಶಿರಾದಲ್ಲಿ ಸ್ಟುಡಿಯೋ, ಕಂಪ್ಯೂಟರ್ ಇತ್ತು. ಹಳೆಯ ಡಿಸ್ಕಿನಿಂದ ತೆಗೆದು ಹೊಸ ಜಾತಿಯ ಡಿಸ್ಕಿಗೆ ತುಂಬಬಹುದಂತೆ. ನಾನು ತಿಮ್ಮರಾಯಪ್ಪನ ಕೈಯಿಂದ ಡಿಸ್ಕಿನ ಚೀಲ ಕಿತ್ತುಕೊಂಡೆ.

"ನಾಳೆ ಸಾಯಂಕಾಲ ಬನ್ನಿ ರಾಜರೇ. ನಾಟ್ಕ ಇಲ್ಲೇ ಅಂಗ್ಡಿ ಟಿವೀಲಿ ಬರ್ದೆ ಹೋದ್ರೆ ದುಡ್ಡೂ ತಗಳಿ, ಪೆಟ್ಗೆನೂ ತಗಳಿ."

ಬಾಷಾ ಅವತ್ತೇ ಸಿಕ್ಕಿದ ಮೊದಲ ಬಸ್ಸಿಗೆ ಶಿರಾಕ್ಕೆ ಹೋದ. ಮಾರನೇ ದಿನ ಮಧ್ಯಾಹ್ನ ವಾಪಸ್ ಬಂದ. ಚೀಲದ ತುಂಬ ಇದ್ದ ಡಿಸ್ಕುಗಳ ಬದಲು ಅವನ ಜೇಬಿನಲ್ಲಿ ಎರಡೇ ಎರಡು ಡಿಸ್ಕು. ಉಳಿದವು ಎಲ್ಲಿ ಬಿಟ್ಟೆಯೋ ಎಂದು ನಾನು ಕೂಗಾಡಿದೆ. ಹೊಸ ಜಾತಿಯದರಲ್ಲಿ ಜಾಗ ಹೆಚ್ಚಂತೆ, ಇಡೀ ನಾಟಕ ಎರಡರಲ್ಲೇ ಹಿಡಿಯಿತಂತೆ.

ಇದು ಎಷ್ಟು ದೊಡ್ಡ ಸಂಗತಿಯೆಂದು ನನಗೆ ಹೊಳೆದದ್ದು ಸಂಜೆಗೆ. ಬೀದಿಗೆ ಕಾಣುವಂತೆ ಟಿವಿ ತಿರುಗಿಸಿ ನಾಟಕ ಹಾಕಿದೆವು. ತಿಮ್ಮರಾಯಪ್ಪ ಕಿರೀಟ ಇಟ್ಟುಕೊಂಡು ಕತ್ತಿ ಎತ್ತಿ ಗರ್ಜಿಸಿದ. ಹಳೆಯ ಡಿಸ್ಕುಗಳಲ್ಲಾದರೆ ಸರಿಯಾಗಿ ಅದೇ ಜಾಗಕ್ಕೆ ಡಿಸ್ಕ್ ಮುಗಿಯುತ್ತಿತ್ತಂತೆ. ಎತ್ತಿದ ಕತ್ತಿ ಎತ್ತಿದಂತೆಯೇ ನಿಂತು, ಯಾರೋ ಎದ್ದು ಬೇರೆ ಡಿಸ್ಕ್ ಹುಡುಕಿ ಹಾಕುವಷ್ಟರಲ್ಲಿ ಜನ ಎಲೆ ಅಡಿಕೆ ಉಗುಳಲು ಹೊರಗೆ ಹೋಗಿರುತ್ತಿದ್ದರು. ಇವತ್ತು ಕತ್ತಿ ಎತ್ತಿದವನು ಎತ್ತಿದ ಕೂಡಲೇ ಇಳಿಸಿದ. ಎದುರಾಳಿ ಬಿದ್ದ. ಬೀದಿಯಲ್ಲಿ ಶಿಳ್ಳೆ ಬಿತ್ತು. ತಿಮ್ಮರಾಯಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ.

"ಏಟು ಇವತ್ತು ಸರ್ಯಾಗಿ ಬಿತ್ತು ನೋಡು" ಎಂದ.

ಸೇನಾಪತಿ ಅಲ್ಲೇ ನಿಂತು ತನಗೊಂದು ಪೆಟ್ಟಿಗೆ ಎಂದ. ಮಂತ್ರಿ ಸುಮ್ಮನಿರುತ್ತಾನೆಯೇ? ನಾನು ಆ ಕ್ಷಣವೇ ಬೋರ್ಡ್ ಬರೆಸಿದೆ: ಪೆಟ್ಟಿಗೆ ಕೊಂಡವರಿಗೆ ಅವರ ನಾಟಕದ ಡಿಸ್ಕ್ ಹೊಸದಾಗಿ ಮಾಡಿಕೊಡಲಾಗುವುದು.

ಎಲ್ಲ ಸುಸೂತ್ರವಾಯಿತು ಎಂದುಕೊಳ್ಳುವಷ್ಟರಲ್ಲಿ ತಿಮ್ಮರಾಯಪ್ಪನ ಹೆಂಡತಿ ರತ್ನಮ್ಮ ಪೆಟ್ಟಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು. ಜೊತೆಗೆ ಎರಡು ಜಡೆಯ ಮಗಳು ಭಾಗ್ಯ.

"ತಗೋ ಅಕ್ಕಾ ನಿನ್ ಪೆಟ್ಗೆ. ನಂಗೆ ಸಾಕಾಯ್ತು."

"ಯಾಕಮ್ಮಾ, ಓಡ್ತಿಲ್ವಾ?"

"ಓಡ್ತೈತೆ, ಅದೇ ಕಷ್ಟ. ಮೊದ್ಲು ಅರ್ಧಕ್ಕೇ ನಿಲ್ತಿತ್ತು, ನಮ್ಗೂ ಬಿಡುವು ಸಿಕ್ತಿತ್ತು. ಈಗ ರಾಣಿ ಜೊತೆ ರಾಜಂದು ಸರಸದ ಸೀನು ಪೂರಾ ಬರ್ತೈತೆ. ಆಯಮ್ಮ ಯಾವೂರೋಳೋ, ದುಡ್ ಕೊಟ್ಟು ಕರೆಸಿದ್ದು. ದಿನಾ ನನ್ ಪಡಸಾಲೇಲಿ ಅವ್ಳ ಮುಖ ನೋಡ್ಕಂಡು ನಾನು ಮುದ್ದೆ ತಿರುವ್ಬೇಕಾ?"

ನಮ್ಮ ನಾಟಕಗಳಲ್ಲಿ ಗಂಡು ಪಾರ್ಟು ಊರವರದು. ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಇದರಿಂದ ಎಷ್ಟು ಮನೆಗಳಲ್ಲಿ ಒಲೆ ಹೊತ್ತಿಲ್ಲವೋ ಲೆಕ್ಕವಿಲ್ಲ. ನಾನು ಗಂಡಸರನ್ನಷ್ಟೇ ನೋಡಿ ಕುಣಿದಿದ್ದೆ. ರೇಡಿಯೋ ಪೆಟ್ಟಿಗೆಯ ಹೆಂಗಸು ಹೇಳಿದ್ದನ್ನು ಅರ್ಧ ಮರೆತಿದ್ದೆ. ಈ ಪೆಟ್ಟಿಗೆಯಲ್ಲಿ ರತ್ನಮ್ಮನದು ಏನಿತ್ತು?

"ಕೂತ್ಕ. ಮಜ್ಗೆ ಕುಡಿ" ಎಂದೆ. "ನಿನ್ ಮದ್ವೆ ವಿಡಿಯೋ ಮಾಡ್ಸಿದ್ರಾ?"

"ಮಾಡ್ಸಿದ್ರು. ದೊಡ್ಡ ಕ್ಯಾಸೆಟ್ಟು. ಹಾಕೋ ಮಿಷಿನ್ನು ಯಾರ ಮನೇಲೂ ಇಲ್ಲ. ನಮ್ಮಪ್ಪ ಇದಾನೆ ಅದ್ರಾಗೆ, ಧಾರೆ ಎರೀತಾನೆ. ಅವ್ನು ಹೋಗಿ ಎಷ್ಟೋ ವರ್ಷ ಆಯ್ತು."

ಶಿರಾದ ಸ್ಟುಡಿಯೋದವನು ಆ ದೊಡ್ಡ ಕ್ಯಾಸೆಟ್ಟನ್ನೂ ಡಿಸ್ಕಿಗೆ ಇಳಿಸಿಕೊಟ್ಟ. ರತ್ನಮ್ಮ ಅಂಗಡಿಯಲ್ಲೇ ಕೂತು ನೋಡಿದಳು. ಅವಳ ಅಪ್ಪ ತಂಬಿಗೆ ಹಿಡಿದು ನಿಂತಿದ್ದ, ಅವಳು ತಲೆ ತಗ್ಗಿಸಿದ್ದಳು, ತಿಮ್ಮರಾಯಪ್ಪನಿಗೆ ಆಗ ಮೀಸೆ ಇರಲಿಲ್ಲ. ಮುಗಿದ ಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯನ್ನು ಮತ್ತೆ ಸೊಂಟಕ್ಕೇರಿಸಿದಳು.

"ಮೊದ್ಲು ನನ್ ಮದ್ವೆ. ಆಮೇಲೆ ಬೇಕಾದ್ರೆ ಅವ್ನ ರಾಜ್ಯ."

ಬೋರ್ಡಿನಲ್ಲಿ ಇನ್ನೊಂದು ಸಾಲು ಸೇರಿಸಿದೆ: ಮದುವೆ ಕ್ಯಾಸೆಟ್ ಸಹ.

ಅಲ್ಲಿಂದ ಮುಂದೆ ನಾನು ಮಾರಲಿಲ್ಲ, ಅವೇ ಹೋದವು. ಮಧುಗಿರಿ, ಕೊರಟಗೆರೆ ಕಡೆಯಿಂದ ಡಿಸ್ಕಿನ ಚೀಲ ಹಿಡಿದುಕೊಂಡು ಬಂದರು. ಹೊಳವನಹಳ್ಳಿಯ ಒಂದು ನಾಟಕದ ತಂಡ, ಬಸ್ಸಿನಲ್ಲಿ ಬರುವಾಗ ಡಿಸ್ಕ್ ಮುರಿದೀತೆಂದು ಅಕ್ಕಿಯ ಡಬ್ಬದಲ್ಲಿ ಹೂತುಕೊಂಡು ಬಂದಿತ್ತು. ಬಾಷಾ ಒಂದೊಂದು ಅಕ್ಕಿ ಕಾಳನ್ನೂ ಬೈದುಕೊಂಡು ಹೆಕ್ಕಿದ. ದೀಪಾವಳಿಗೆ ಮುಂಚೆಯೇ ಟೆಂಪೋ ಖಾಲಿ. ಸಾಹುಕಾರರು ಬಂದು ಖಾಲಿ ಗೋಡೆ ನೋಡಿ, "ಆಟದ ಪೆಟ್ಟಿಗೆ ಇಷ್ಟು ಆಡ್ತಾರಾ ಇಲ್ಲಿ ಜನ?" ಎಂದರು. ಒಬ್ಬರೂ ಆಡುವುದಿಲ್ಲ ಎಂದೆ. ಅವರು ಬಹಳ ಹೊತ್ತು ನಕ್ಕರು. ಬ್ರಾಂಚ್ ಉಳಿಯಿತು. ನಾನು ಕುರ್ಚಿಯಲ್ಲಿ ಕೂತು ಸ್ವಿಚ್ಚಿನ ಮೇಲೆ ಕೈಯಿಟ್ಟೆ.

ಆ ಪೆಟ್ಟಿಗೆಗೆ ರಿಮೋಟ್ ಇರಲಿಲ್ಲ. ಆಟ ಆಡುವ ಗುಂಡಿಗಳ ಹಿಡಿಕೆಯಿಂದಲೇ ನಾಟಕವನ್ನೂ ಓಡಿಸಬೇಕಿತ್ತು. ದೊಡ್ಡವರ ಹೆಬ್ಬೆರಳಿಗೆ ಅದು ಬಗ್ಗಲಿಲ್ಲ. ಹೀಗಾಗಿ ಪ್ರತಿ ಮನೆಯಲ್ಲೂ ಒಂದು ಮಗು ಆಪರೇಟರ್ ಆಯಿತು. ತಿಮ್ಮರಾಯಪ್ಪನ ಮನೆಗೆ ಒಮ್ಮೆ ಹೋದಾಗ ಕಂಡೆ. ಭಾಗ್ಯ ಟಿವಿಯ ಬುಡದಲ್ಲಿ ಹಿಡಿಕೆ ಹಿಡಿದು ಕೂತಿದ್ದಳು. ಹಿಂದಿನಿಂದ ಅಪ್ಪ, "ನಿಲ್ಸಮ್ಮಾ... ಹಿಂದುಕ್ಕೋಗು... ಹಾಂ, ಈಗ ಬುಡು, ಏಟು ನೋಡ್ರಿ!" ಎನ್ನುತ್ತಿದ್ದ. ಅವಳು ಕಣ್ಣು ಮುಚ್ಚಿಯೂ ಒತ್ತಬಲ್ಲವಳಾಗಿದ್ದಳು.

ಒಳ್ಳೆಯ ಕಾಲ ಬಹಳ ವರ್ಷ ನಡೆಯಿತು. ಹೊಸ ಹೊಸ ಮಾಡೆಲ್ ಬಂದವು, ಪೆನ್‌ಡ್ರೈವ್ ಹಾಕುವಂಥದ್ದು, ಫೋಟೋ ತೋರಿಸುವಂಥದ್ದು. ನಾನು ಮನೆಯ ಡಿಸ್ಕ್ ತರಿಸಿ ಹಾಕಿ ತೋರಿಸದೆ ಒಂದನ್ನೂ ಮಾರಲಿಲ್ಲ. ಆಮೇಲೆ ಮೊಬೈಲ್ ಬಂತು. ನಾಟಕ ನಡೆಯುತ್ತಿರುವಾಗಲೇ ಮುಂದಿನ ಸಾಲಿನವರು ಹಿಡಿದು, ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಕಳಿಸುವಂತಾಯಿತು. ಟಿವಿಗೇ ಇಂಟರ್ನೆಟ್ ಬಂತು. ಡಿಸ್ಕಿನ ಚೀಲ ಹಿಡಿದು ಬರುವವರು ನಿಂತರು. ಶಿರಾದ ಸ್ಟುಡಿಯೋದವನು ಮಿಲ್ಕ್ ಪಾರ್ಲರ್ ಇಟ್ಟ.

ನಾನು ಮಾತ್ರ ಬಿಡಲಿಲ್ಲ. ಬಂದವರಿಗೆಲ್ಲ ಅದೇ ಹಾಡು: ಇದರಲ್ಲಿ ಸಿನಿಮಾ ಬರುತ್ತದೆ, ನಿಮ್ಮ ಮದುವೆ ಬರುತ್ತದೆ. ಜನ ಪಾಪ ಅಜ್ಜಿ ಎಂದು ಕೇಳಿ ಹೋಗುತ್ತಿದ್ದರು. ಇಡೀ ವರ್ಷ ಒಂದು ಪೆಟ್ಟಿಗೆಯೂ ಹೋಗಲಿಲ್ಲ. ಫ್ರಿಜ್ಜು, ವಾಷಿಂಗ್ ಮಿಷಿನ್ನುಗಳಿಗೆ ಎದುರಿಗೇ ದೊಡ್ಡ ಅಂಗಡಿ ಬಂದಿತ್ತು. ಅದರ ಮೇಲೆ ಹೋಲ್‌ಸೇಲಿನವನು ಎರಡು ಹೊಸ ಪೆಟ್ಟಿಗೆ ಕಳಿಸಿದ. ತಿರುಗಿಸಿ ಮುರುಗಿಸಿ ನೋಡಿದೆ, ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಸಾಹುಕಾರರಿಗೆ ಫೋನ್ ಮಾಡಿದೆ.

"ಬಾಯಿಲ್ದಿರೋ ಪೆಟ್ಗೆ ಕಳ್ಸೌರೆ. ಯಾರು ತಗಂತಾರೆ ಇದನ್ನ?"

"ಬರೀ ಆಟಕ್ಕಂತೆ ನರಸಮ್ಮ, ಈಗಿನವು ಹಂಗೇ. ನೋಡು, ನಂಗೂ ವಯಸ್ಸಾಯ್ತು. ಈ ಎರಡು ಹೋದ್ರೆ ನೋಡೋಣ. ಹೋಗ್ಲಿಲ್ಲ ಅಂದ್ರೆ ಹಬ್ಬ ಆದ್ಮೇಲೆ ಪಾವಗಡದ ಶಟರ್ ಎಳೆದ್ಬಿಡೋಣ."

ಆ ಮಾತನ್ನು ಅವರು ಮೊದಲ ಸಲಕ್ಕಿಂತ ಮೆತ್ತಗೆ ಹೇಳಿದರು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಹಬ್ಬಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಸ್ಕೂಟಿಯಲ್ಲಿ ಒಬ್ಬಳು ಹುಡುಗಿ ಬಂದಳು. ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ. ಗೇಮ್ ಮಿಷಿನ್ ತೋರಿಸಿ ಎಂದಳು. ನಾನು ಶುರು ಮಾಡಿದೆ. "ಬಾರಮ್ಮ, ಇದ್ರಾಗೆ ಸಿನಿಮಾನೂ..."

"ಸಿನ್ಮಾ ಬ್ಯಾಡಜ್ಜಿ. ಆಟ ಹೆಂಗೈತೆ ತೋರ್ಸಿ."

ಹಿಡಿಕೆ ಕೈಗೆ ತಗೊಂಡೆ. ಎಲ್ಲಿ ಒತ್ತಬೇಕೆಂದು ತಿಳಿಯಲಿಲ್ಲ. ಬಾಷಾ ಅವತ್ತು ರಜ. ನಾನು ಈ ಪೆಟ್ಟಿಗೆಗಳನ್ನು ಇಷ್ಟು ವರ್ಷ ಮಾರಿದ್ದೇನೆ, ಒಂದು ದಿನವೂ ಆಡಿಲ್ಲ ಎನ್ನುವುದು ಆಗ ಹೊಳೆಯಿತು. ಏನೋ ಒತ್ತಿದೆ, ಟಿವಿಯಲ್ಲಿ ಒಂದು ಕಾರು ನೇರ ಹೋಗಿ ಗೋಡೆಗೆ ಗುದ್ದಿತು. ಹಿಂದಕ್ಕೆ ಬಂದು ಮತ್ತೆ ಅದೇ ಗೋಡೆಗೆ ಗುದ್ದಿತು.

ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಹಿಡಿಕೆ ಇಸಿದುಕೊಂಡು, ನೋಡದೆಯೇ ಹೆಬ್ಬೆರಳು ಆಡಿಸಿದಳು. ಆ ಹೆಬ್ಬೆರಳಿನಿಂದಲೇ ಗುರುತು ಸಿಕ್ಕಿತು.

"ನೀನು ತಿಮ್ಮರಾಯಪ್ಪನ ಮಗ್ಳಲ್ವೇನೆ?"

"ಹೂಂ ಅಜ್ಜಿ, ಭಾಗ್ಯ. ನೀವು ಮಾರಿದ್ ಪೆಟ್ಗೆ ಮುಂದೆ ಕೂತು ನನ್ ಬೇಸ್ಗೆ ರಜ ಎಲ್ಲಾ ಮುಗ್ದೋಯ್ತು. ಅಪ್ಪನ ನಾಟ್ಕ ಹಾಕು, ಅಮ್ಮನ ಮದ್ವೆ ಹಾಕು, ನಿಲ್ಸು, ಹಿಂದುಕ್ಕೋಗು. ಒಂದ್ ದಿನ ಆಟ ಆಡೋಕೆ ಬುಡ್ಲಿಲ್ಲ ನಂಗೆ. ಇವತ್ತು ನನ್ ಸಂಬ್ಳದಲ್ಲಿ ತಗೊತಾ ಇದೀನಿ." ಪೆಟ್ಟಿಗೆಯನ್ನು ಎತ್ತಿ ಸುತ್ತ ನೋಡಿದಳು. "ಇದಕ್ಕೆ ಡಿಸ್ಕ್ ಹಾಕೋ ಜಾಗ ಇಲ್ಲ ತಾನೆ? ಗ್ಯಾರಂಟಿನಾ?"

"ಇಲ್ಲ ಕಣಮ್ಮ. ಗ್ಯಾರಂಟಿ" ಎಂದೆ. ಇಷ್ಟು ದಿನ ಇದೇ ಕೊರತೆ ಎಂದು ಬೈಯುತ್ತಿದ್ದವಳು ನಾನು.

ಉಳಿದ ಇನ್ನೊಂದು ಪೆಟ್ಟಿಗೆಯನ್ನು ಯಾರಿಗೆ ಮಾರಲಿ ಎಂದು ಯೋಚಿಸುವಷ್ಟರಲ್ಲಿ ಭಾಗ್ಯಳೇ ಫೋನ್ ತೆಗೆದು ಆಸ್ಪತ್ರೆಯ ಗೆಳತಿಯೊಬ್ಬಳಿಗೆ ಮಾತಾಡಿದಳು. ಅವಳು ಡ್ಯೂಟಿ ಮುಗಿಸಿ ಬರುತ್ತೇನೆ, ತೆಗೆದಿಡಿ ಎಂದಳು. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಅವತ್ತು ಮನೆಗಳಲ್ಲಿ ನಾಟಕವನ್ನು ತಡೆಯಿಲ್ಲದೆ ನೋಡಲು ಏನೂ ಇರಲಿಲ್ಲ, ನಾಟಕ ತೋರಿಸಿ ಮಾರಿದೆ. ಇವತ್ತು ನಾಟಕ, ಸಿನಿಮಾ, ಮದುವೆ ಎಲ್ಲ ಪ್ರತಿಯೊಬ್ಬರ ಜೇಬಿನಲ್ಲಿದೆ. ಪೆಟ್ಟಿಗೆಗೆ ಉಳಿದಿರುವುದು ಆಟ ಒಂದೇ. ಇದು ಒಂದು ವರ್ಷ ಮುಂಚೆ ಹೊಳೆದಿದ್ದರೆ ಅಷ್ಟು ಗಂಟಲು ನೋಯಿಸಿಕೊಳ್ಳುವುದು ತಪ್ಪುತ್ತಿತ್ತು. ಸುಮಾ, ನಿನ್ನ ಪುಸ್ತಕದಲ್ಲಿರುವ ಗುಣಗಳನ್ನೆಲ್ಲ ಓದು, ಬೇಡ ಎನ್ನುವುದಿಲ್ಲ. ಬಾಯಿ ತೆರೆಯುವ ಮುಂಚೆ ಮಾತ್ರ ಬಂದವರ ಮನೆಯಲ್ಲಿ ಏನಿಲ್ಲ ಎಂದು ಕೇಳು. ಮನೆಯಲ್ಲಿ ಯಾರಿಗೆ ಏನು ಸಿಕ್ಕಿಲ್ಲ ಎಂದೂ ಕೇಳು.

ಪೆಟ್ಟಿಗೆ ಬಿಚ್ಚಿ ಕಟ್ಟುವ ಮುಂಚೆಯೇ ತಿಮ್ಮರಾಯಪ್ಪ ಬಾಗಿಲಲ್ಲಿ ನಿಂತಿದ್ದ. ಮೀಸೆ ಬೆಳ್ಳಗಾಗಿತ್ತು. ಮಗಳು ಏನೋ ಕೊಳ್ಳುತ್ತಾಳೆಂದು ತಿಳಿದು ಸಂತೆಯಿಂದ ನೇರ ಬಂದಿದ್ದ.

"ಹೊಸಾದಾ? ಒಳ್ಳೇದಾಯ್ತು. ಹಳೇದ್ರಾಗೆ ನಮ್ ನಾಟ್ಕ ತಡ್ದು ತಡ್ದು ಬರ್ತೈತೆ. ಎಲ್ಲಮ್ಮಾ ಡಿಸ್ಕ್ ಹಾಕೋದು ಇದ್ರಾಗೆ?"

ಭಾಗ್ಯ ನನ್ನ ಮುಖ ನೋಡಿದಳು.

"ಜಾಗ ಇಲ್ಲ ರಾಜರೇ" ಎಂದೆ. "ಇದ್ರಾಗೆ ಬರೀ ಆಟ."

ಅವನು ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಟಿವಿಯಲ್ಲಿ ಕಾರು ಭಾಗ್ಯ ಬಿಟ್ಟ ಜಾಗದಲ್ಲೇ ನಿಂತಿತ್ತು. ಸ್ಟೂಲ್ ಎಳೆದುಕೊಂಡು ಕೂತು ಕೈ ಚಾಚಿದ.

"ಸರಿ, ಕೊಡು ಇತ್ಲಾಗೆ. ಹೆಂಗೈತೆ ನಾನೂ ಒಂದು ಕೈ ನೋಡ್ಬುಡ್ತೀನಿ."

ಭಾಗ್ಯ ಹಿಡಿಕೆಯನ್ನು ಎದೆಗವಚಿಕೊಂಡಳು. "ಇಷ್ಟ್ ವರ್ಷ ನಿಂದೇ ಆಯ್ತಲ್ಲಪ್ಪಾ. ಈಗ ನಂದು."

ಫೋನ್ ಬಡಿದುಕೊಂಡಿತು. ಸಾಹುಕಾರರು.

"ಏನ್ ಮಾಡೋಣ ನರಸಮ್ಮ?"

"ಬಾಯಿಲ್ದಿರೋವು ಇನ್ನೊಂದಷ್ಟು ಕಳ್ಸಿ" ಎಂದೆ. ಫೋನಿಟ್ಟು, ಕುರ್ಚಿಗೆ ಬಂದು, ಕೂತಲ್ಲಿಂದಲೇ ಕೈ ಚಾಚಿ ಫ್ಯಾನನ್ನು ಜೋರು ಮಾಡಿದೆ.